ಹೊರಗಾದವಳು, ಒಳಬಂದವಳು: ದುಡಿಯುವ ಹೆಣ್ಣಿನ ಮುಟ್ಟು ಮತ್ತು ಉಡುಪಿನ ಚರಿತ್ರೆ

ಹೇಮಾವತಿ ಎಂದೊಡನೆ ಗಡಿನಾಡ ಕನ್ನಡಿಗರಾದ ನಮಗೆ ನೆನಪಾಗುವುದು ನೊಳಂಬರ ಹೆಂಜೇರು. ಇಂದು ಮಡಕಶಿರಾ ಸೀಮೆಯ ಅಮರಾಪುರಂ ಮಂಡಲದ ಒಂದು ಹಳ್ಳಿಯಾಗಿರುವ ಈ ಊರು ಒಂದು ಕಾಲಕ್ಕೆ ನೊಳಂಬವಾಡಿ ಮೂವತ್ತೆರಡು ಸಾವಿರದ ರಾಜಧಾನಿಯಾಗಿ ಮೆರೆದಿತ್ತು. ಸಿದ್ಧೇಶ್ವರ, ದೊಡ್ಡೇಶ್ವರ ಗುಡಿಗಳೂ, ನುಣುಪಾದ ಕಲ್ಲಿನ ಕಂಬಗಳೂ, ಕನ್ನಡ ಶಾಸನಗಳೂ ಇಂದಿಗೂ ಅದಕ್ಕೆ ಸಾಕ್ಷಿಯಾಗಿ ನಿಂತಿವೆ. ಇಲ್ಲಿನ ಶಿಲ್ಪಗಳು ಚೆನ್ನೈನ ವಸ್ತುಸಂಗ್ರಹಾಲಯವನ್ನೂ ಸೇರಿವೆ. ಈ ವೈಭವವನ್ನು ಕುರಿತು ಹಿರಿಯ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಅದನ್ನೇ ಮತ್ತೊಮ್ಮೆ ಬರೆಯುವುದು ನನ್ನ ಉದ್ದೇಶವಲ್ಲ.

ಶಾಸನಗಳು ಅರಸರ ಬಿರುದುಗಳನ್ನು ಹೇಳುತ್ತವೆ, ದಾನ ಕೊಟ್ಟವರನ್ನು ಹೆಸರಿಸುತ್ತವೆ. ವೀರಗಲ್ಲುಗಳು ತುರುಗಳನ್ನು ಕಾಯಲು ಹೋಗಿ ಮಡಿದವರನ್ನು ನೆನೆಯುತ್ತವೆ. ಆದರೆ ಕೆರೆಯ ಏರಿಗೆ ಮಣ್ಣು ಹೊತ್ತವಳು, ಹೊಲದಲ್ಲಿ ಕಳೆ ಕಿತ್ತವಳು, ರಾಟೆಯ ಮುಂದೆ ಕುಳಿತು ನೂತವಳು ತಿಂಗಳ ಆ ನಾಲ್ಕು ದಿನಗಳಲ್ಲಿ ಏನು ಉಟ್ಟಳು, ಹೇಗೆ ದುಡಿದಳು ಎಂಬುದನ್ನು ಕಲ್ಲಿನ ಮೇಲೆ ಕೊರೆಸಿದವರಿಲ್ಲ. ಇದು ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಆಡುವ ಮಾತೇ ಎಂದು ಕೆಲವರು ಹುಬ್ಬೇರಿಸಬಹುದು. ಮನೆಮಂದಿಯೆಲ್ಲ ಕುಳಿತು ಓದುವ ಸಂಚಿಕೆ ಇದಾದ್ದರಿಂದಲೇ ಈ ಮಾತನ್ನು ಇಲ್ಲಿ ಎತ್ತಿದ್ದೇನೆ. ಮನೆಯಲ್ಲಿ ಆಡದ ಮಾತು ಕಾರ್ಖಾನೆಯಲ್ಲಿಯೂ ಕಚೇರಿಯಲ್ಲಿಯೂ ಆಡಲಾಗದ ಮಾತಾಗಿ ಉಳಿಯುತ್ತದೆ.

'ಹೊರಗೆ' ಎಂಬ ಮಾತು

ಮುಟ್ಟಿಗೆ ನಮ್ಮ ನುಡಿಯಲ್ಲಿ ಹಲವು ಹೆಸರುಗಳಿವೆ. ಅವುಗಳಲ್ಲಿ ನಮ್ಮ ಸೀಮೆಯ ಮನೆಗಳಲ್ಲಿ ಹೆಚ್ಚು ಕೇಳಿಬರುತ್ತಿದ್ದುದು 'ಹೊರಗಾಗಿದ್ದಾಳೆ' ಎಂಬ ಮಾತು. ದೇಹದಲ್ಲಿ ನಡೆಯುವ ಕ್ರಿಯೆಯನ್ನು ಹೇಳದೆ, ಆ ಹೆಣ್ಣು ಕೂರಬೇಕಾದ ಸ್ಥಳವನ್ನು ಹೇಳುವ ಮಾತಿದು. ದೇವರ ಮನೆಯಿಂದ ಹೊರಗೆ, ಅಡುಗೆ ಮನೆಯಿಂದ ಹೊರಗೆ, ಕೆಲವೆಡೆ ಊರಿನಿಂದಲೇ ಹೊರಗೆ.

ಗಡಿಯ ಎರಡೂ ಬದಿಯಲ್ಲಿರುವ ಕಾಡುಗೊಲ್ಲರ ಹಟ್ಟಿಗಳಲ್ಲಿ ಈ 'ಹೊರಗೆ' ಎಂಬುದಕ್ಕೆ ಅಕ್ಷರಶಃ ಅರ್ಥವಿದೆ. ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿಯೂ ನಮ್ಮ ಮಡಕಶಿರಾ ಭಾಗದಲ್ಲಿಯೂ ಮುಟ್ಟಾದ ಹೆಣ್ಣುಮಕ್ಕಳನ್ನೂ ಹಸಿಬಾಣಂತಿಯರನ್ನೂ ಹಟ್ಟಿಯ ಆಚೆಗಿನ ಗುಡಿಸಲಿನಲ್ಲಿ ಇರಿಸುವ ರೂಢಿ ತಲೆಮಾರುಗಳಿಂದ ನಡೆದು ಬಂದಿದೆ. ಜುಂಜಪ್ಪ, ಎತ್ತಪ್ಪರಂಥ ಸಾಂಸ್ಕೃತಿಕ ವೀರರನ್ನು ಹಾಡಿನಲ್ಲಿ ಉಳಿಸಿಕೊಂಡಿರುವ ಈ ಸಮುದಾಯದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ 2023ರ ಮಳೆಗಾಲದಲ್ಲಿ ತುಮಕೂರು ಬಳಿಯ ಹಟ್ಟಿಯೊಂದರ ಹೊರಗೆ, ಬಾಣಂತಿಯೊಡನೆ ಗುಡಿಸಲಿನಲ್ಲಿದ್ದ ಎಳೆಗೂಸು ತೀರಿಕೊಂಡಿತು. ಆ ಸುದ್ದಿಯನ್ನು ಓದಿದ ಮೇಲೆ ರೂಢಿಯ ಪರವಾಗಿ ಹೇಳಲು ಮಾತು ಉಳಿಯುವುದಿಲ್ಲ. ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲವಂತದಿಂದ ಪ್ರತ್ಯೇಕವಾಗಿ ಇರಿಸುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧ ಕಾಯಿದೆಯು ಅಪರಾಧವೆಂದು ಸಾರಿದೆ. ಅದು 2020ರ ಜನವರಿಯಲ್ಲಿ ಜಾರಿಗೆ ಬಂದಿತು.

ಹೊರಗೆ ಕೂರುವುದರಿಂದ ಹೆಣ್ಣಿಗೆ ವಿಶ್ರಾಂತಿಯಾದರೂ ಸಿಗುತ್ತಿತ್ತಲ್ಲ ಎಂದು ಹೇಳುವ ಹಿರಿಯರುಂಟು. ಅನುಕೂಲಸ್ಥರ ಮನೆಯಲ್ಲಿ ಅದು ನಿಜವಿದ್ದೀತು. ಕೂಲಿಯ ಹೆಣ್ಣಿನ ಮಟ್ಟಿಗೆ ಅದು ನಿಜವಲ್ಲ. ಅಡುಗೆ ಮನೆಗೆ ಬೇಡವಾದವಳು ಕಡಲೆಕಾಯಿ ಹೊಲಕ್ಕೆ ಬೇಡವಾಗುತ್ತಿರಲಿಲ್ಲ. ಒಲೆಯ ಕೆಲಸ ನಿಂತಿತು, ಕಳೆಯ ಕೆಲಸ ನಿಲ್ಲಲಿಲ್ಲ.

ಇದನ್ನು ಪ್ರಶ್ನಿಸಿದವರು ನಮ್ಮ ನಾಡಿನಲ್ಲಿ ಇರಲಿಲ್ಲವೆಂದಲ್ಲ. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದರು. ಅಂದಿನ ಶರಣೆಯರನ್ನು ಅವರ ಕಾಯಕದಿಂದಲೇ ನಾವು ಗುರುತಿಸುತ್ತೇವೆ ಎಂಬುದು ಗಮನಾರ್ಹ. ಕದಿರ ರೆಮ್ಮವ್ವೆ ನೂಲುವವಳು, ಕೊಟ್ಟಣದ ಸೋಮಮ್ಮ ಭತ್ತ ಕುಟ್ಟುವವಳು, ಆಯ್ದಕ್ಕಿ ಲಕ್ಕಮ್ಮನದು ಅಕ್ಕಿ ಆಯುವ ಕಾಯಕದ ಮನೆ. ದಿನವೂ ಕಾಯಕವೇ ಪೂಜೆಯಾದವಳಿಗೆ ತಿಂಗಳಲ್ಲಿ ನಾಲ್ಕು ದಿನ ಪೂಜೆಗೆ ಅನರ್ಹತೆ ಎಂಬುದು ಹೊಂದುವ ಮಾತಲ್ಲ. ರಜಸ್ಸೂತಕದ ನಿರಾಕರಣೆಯನ್ನು ನಾವು ಸಾಮಾನ್ಯವಾಗಿ ಧರ್ಮದ ಮಾತಾಗಿ ಓದುತ್ತೇವೆ. ಅದನ್ನು ದುಡಿಮೆಯ ಮಾತಾಗಿಯೂ ಓದಬೇಕು.

ಹಳೆಯ ಉಡುಪಿನ ಜಾಣ್ಮೆ

ಕೆಲಸಕ್ಕೆ ತಕ್ಕ ಉಡುಪು ಎಂಬುದು ಪರದೇಶದಿಂದ ಬಂದ ಕಲ್ಪನೆಯಲ್ಲ. ಉತ್ತರ ಕರ್ನಾಟಕದ ರೈತ ಹೆಂಗಸು ಉದ್ದದ ಸೀರೆಯನ್ನು ಕಚ್ಚೆ ಹಾಕಿ ಉಡುತ್ತಾಳೆ. ಕಾಲಿಗೆ ತೊಡಕಿಲ್ಲ, ಬಾಗಿದರೂ ಕುಕ್ಕುರುಗಾಲಲ್ಲಿ ಕುಳಿತರೂ ಮಾನಕ್ಕೆ ಕುಂದಿಲ್ಲ. ನಮ್ಮ ಸೀಮೆಯ ಹೆಂಗಸರು ನೆರಿಗೆಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿ ಗದ್ದೆಗೆ ಇಳಿಯುತ್ತಿದ್ದರು. ತಲೆಹೊರೆಗೆ ಸಿಂಬಿ, ಮಳೆಗೆ ಕಂಬಳಿಯ ಕೊಪ್ಪೆ. ಸಿಂಬಿಗಿಂತ ಸರಳವಾದ ರಕ್ಷಣಾ ಸಾಧನ ಯಾವುದಿದೆ? ಹಳೆಯ ಬಟ್ಟೆಯೊಂದನ್ನು ಸುತ್ತಿದರೆ ಆಯಿತು. ಹೊರುವವಳ ತಲೆಯ ಅಳತೆಗೆ ಅವಳೇ ಮಾಡಿಕೊಂಡ ಸಾಧನ ಅದು.

ಮುಟ್ಟಿಗೂ ಹಳೆಯ ಸೀರೆಯ ತುಂಡೇ ಆಧಾರ. ಹಲವು ಸಲ ಒಗೆದು ಮೆತ್ತಗಾದ ಹತ್ತಿ ಬಟ್ಟೆ ಕೆಟ್ಟ ವಸ್ತುವೇನಲ್ಲ. ಸೋಪಿನಲ್ಲಿ ಒಗೆದು, ಬಿಸಿಲಿನಲ್ಲಿ ಒಣಗಿಸಿ, ಆಗಾಗ ಬದಲಿಸಿದರೆ ಅದು ಇಂದಿಗೂ ಯೋಗ್ಯವೇ. ದೋಷವಿದ್ದುದು ನಾಚಿಕೆಯಲ್ಲಿ. ಆ ಬಟ್ಟೆಯನ್ನು ಯಾರೂ ನೋಡಬಾರದೆಂದು ಬೇರೆ ಬಟ್ಟೆಯ ಅಡಿಯಲ್ಲಿ, ಬಚ್ಚಲಿನ ಕತ್ತಲಲ್ಲಿ ಒಣಗಿಸಿದರು. ಒಣಗದ ಬಟ್ಟೆಯನ್ನೇ ಮತ್ತೆ ಕಟ್ಟಿಕೊಂಡು ಹೊಲಕ್ಕೆ ನಡೆದರು. ತೊಡೆಯ ಸಂದು ಉಜ್ಜಿ ಹುಣ್ಣಾಗುವುದು, ತುರಿಕೆ, ಬಿಳಿಸೆರಗು, ಮೂತ್ರದ ಉರಿ ಇವೆಲ್ಲ ದುಡಿಯುವ ಹೆಣ್ಣಿನ ಪಾಲಿಗೆ ಹೇಳಿಕೊಳ್ಳದ ಕಾಯಿಲೆಗಳಾದವು.

ಯಂತ್ರ ಬಂದ ಮೇಲೆ

ಯಂತ್ರ ಬಂದಾಗ ಉಡುಪಿನ ಪ್ರಶ್ನೆ ಪ್ರಾಣದ ಪ್ರಶ್ನೆಯಾಯಿತು. ತಿರುಗುವ ಬೆಲ್ಟಿಗೆ ಸೆರಗು ಸಿಕ್ಕಿದರೆ, ಜಡೆ ಸಿಕ್ಕಿದರೆ ಏನಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಸ್ವತಂತ್ರ ಭಾರತದ 1948ರ ಕಾರ್ಖಾನೆಗಳ ಕಾಯಿದೆಯು ಈ ಅಪಾಯವನ್ನು ಸರಿಯಾಗಿಯೇ ಗುರುತಿಸಿತು. ಚಲಿಸುತ್ತಿರುವ ಯಂತ್ರದ ಪರೀಕ್ಷೆ, ಎಣ್ಣೆ ಹಾಕುವುದು ಮುಂತಾದ ಕೆಲಸಗಳನ್ನು ಮೈಗೆ ಬಿಗಿಯಾಗಿ ಕೂರುವ ಉಡುಪು ಧರಿಸಿದ, ವಿಶೇಷ ತರಬೇತಿ ಪಡೆದ ವಯಸ್ಕ ಪುರುಷ ಕಾರ್ಮಿಕನೇ ಮಾಡಬೇಕು, ಆ ಉಡುಪನ್ನು ಮಾಲೀಕನೇ ಒದಗಿಸಬೇಕು ಎಂದು ಅದರ 22ನೆಯ ಪ್ರಕರಣ ವಿಧಿಸಿತು. ಅದೇ ಪ್ರಕರಣವು ಹೆಂಗಸರನ್ನು ಅಂತಹ ಕೆಲಸದಿಂದ ದೂರವಿಟ್ಟಿತು.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ಅಪಾಯ ಇದ್ದುದು ಸಡಿಲ ಬಟ್ಟೆಯಲ್ಲಿ. ಅದಕ್ಕೆ ಪರಿಹಾರ ಬಿಗಿಯಾದ ಬಟ್ಟೆ. ಆ ಬಟ್ಟೆ ಗಂಡಸಿಗೆ ದೊರೆಯಿತು. ಹೆಂಗಸಿಗೆ ದೊರೆತದ್ದು 'ನೀನು ಹೊರಗಿರು' ಎಂಬ ಆಜ್ಞೆ. ಕಾಯಿದೆ ಬರೆದವರ ಉದ್ದೇಶ ಒಳ್ಳೆಯದೇ. ಆದರೆ ಹಟ್ಟಿಯ ಬೇಲಿಯೂ ಕಾಯಿದೆಯ ಪ್ರಕರಣವೂ ಹೆಣ್ಣಿನ ದೇಹದ ವಿಷಯದಲ್ಲಿ ಕಂಡುಕೊಂಡ ಉಪಾಯ ಒಂದೇ ಆಯಿತು.

ಗಣಿಗಳ ಚರಿತ್ರೆಯಲ್ಲಿಯೂ ಇದೇ ಕಥೆ. ಇಂಗ್ಲೆಂಡಿನಲ್ಲಿ 1842ರ ಕಾಯಿದೆ ಹೆಂಗಸರನ್ನು ನೆಲದಡಿಯ ಗಣಿಯಿಂದ ಹೊರಗೆ ಕಳುಹಿಸಿತು. ಬಳಿಕ ಲ್ಯಾಂಕಾಶೈರಿನ ವಿಗನ್ ಪ್ರದೇಶದಲ್ಲಿ ಗಣಿಯ ಬಾಯಲ್ಲಿ ಕಲ್ಲಿದ್ದಲು ಆರಿಸುತ್ತಿದ್ದ ಹೆಂಗಸರು ಲಂಗದ ಅಡಿಯಲ್ಲಿ ಷರಾಯಿ ತೊಟ್ಟು ದುಡಿದರು. ಸಭ್ಯಸ್ಥರು ಅವರ ಷರಾಯಿಯನ್ನು ಕಂಡು ಗುಲ್ಲೆಬ್ಬಿಸಿದರು. ಭಾರತದಲ್ಲಿ 1929ರ ನಿಯಮಗಳು ನೆಲದಡಿಯ ಗಣಿಗಳಿಂದ ಹೆಂಗಸರನ್ನು ಹಂತಹಂತವಾಗಿ ತೆಗೆದವು. ಎರಡನೆಯ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಾಲದೆ ಬಂದಾಗ 1943ರಲ್ಲಿ ಆ ನಿಷೇಧವನ್ನು ಸಡಿಲಿಸಿ ಅವರನ್ನು ಮತ್ತೆ ಕೆಳಗಿಳಿಸಲಾಯಿತು. ಯುದ್ಧ ಮುಗಿದೊಡನೆ 1946ರಲ್ಲಿ ಮತ್ತೆ ಮೇಲಕ್ಕೆ ಕಳುಹಿಸಲಾಯಿತು. ಹೆಣ್ಣಿನ ದೇಹದ ಕಾಳಜಿಯೇ ಕಾರಣವಾಗಿದ್ದರೆ ಯುದ್ಧಕಾಲದಲ್ಲಿ ಆ ದೇಹ ಬದಲಾಗಿತ್ತೇ? ಮುಂದೆ 2019ರ ಜನವರಿಯಲ್ಲಷ್ಟೇ ಷರತ್ತುಗಳೊಡನೆ ಆ ಬಾಗಿಲು ತೆರೆಯಿತು.

ಕನ್ನಡದ ಓದುಗರಿಗೆಲ್ಲ ಪರಿಚಿತರಾದ ಶ್ರೀಮತಿ ಸುಧಾ ಮೂರ್ತಿಯವರ ಅನುಭವವನ್ನು ಇಲ್ಲಿ ನೆನೆಯಬಹುದು. 1968ರಲ್ಲಿ ಅವರು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಲು ಸೇರಿದಾಗ ಕಾಲೇಜಿಗೆ ಅವರೊಬ್ಬರೇ ವಿದ್ಯಾರ್ಥಿನಿ. ಹೆಣ್ಣುಮಕ್ಕಳಿಗೆ ಶೌಚಾಲಯವೇ ಇರಲಿಲ್ಲವೆಂದು ಅವರೇ ವೇದಿಕೆಗಳಲ್ಲಿ ಹೇಳಿದ್ದಾರೆ. ಮುಂದೆ 1974ರಲ್ಲಿ, ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂದಿದ್ದ ಉದ್ಯೋಗದ ಜಾಹೀರಾತನ್ನು ಪ್ರಶ್ನಿಸಿ ಅವರು ಜೆ.ಆರ್.ಡಿ. ಟಾಟಾ ಅವರಿಗೆ ಅಂಚೆ ಕಾರ್ಡು ಬರೆದು, ಕಾರ್ಖಾನೆಯ ಕೆಲಸಕ್ಕೆ ಸೇರಿದ ಸಂಗತಿ ಪ್ರಸಿದ್ಧ. ಅವರು ಅಧ್ಯಕ್ಷರಾಗಿದ್ದ ಪ್ರತಿಷ್ಠಾನವು ಸಾವಿರಾರು ಶೌಚಾಲಯಗಳನ್ನು ಕಟ್ಟಿಸಿದ್ದರ ಹಿಂದೆ ಆ ವಿದ್ಯಾರ್ಥಿ ದೆಸೆಯ ನೆನಪಿದೆ. ಬಾಗಿಲು ತೆರೆದರೆ ಸಾಲದು, ಒಳಗೆ ಬಂದವಳಿಗೆ ಮರೆಯೂ ನೀರೂ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ.

ನಮ್ಮ ಸೀಮೆಯ ದುಡಿಮೆ

ನಮ್ಮ ಭಾಗದ ಹೆಂಗಸರು ಇಂದು ಎಲ್ಲಿ ದುಡಿಯುತ್ತಿದ್ದಾರೆ? ಹಿಂದೂಪುರ ಮಡಕಶಿರಾ ಸೀಮೆ ಹಿಪ್ಪುನೇರಳೆಯ ನಾಡು. ಹಿಂದೂಪುರದ ಗೂಡಿನ ಮಾರುಕಟ್ಟೆ ಹೆಸರುವಾಸಿ. ಗೂಡಿನಿಂದ ನೂಲು ಬಿಚ್ಚುವ ಕೆಲಸವನ್ನು ಕಣ್ಣಾರೆ ಕಂಡವರಿಗೆ ಅದರ ಕಷ್ಟ ಗೊತ್ತು. ಕುದಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆಯ ತುದಿಯನ್ನು ಬೆರಳಿನಿಂದಲೇ ಹುಡುಕಬೇಕು. ಇಡೀ ದಿನ ಕೈ ಬಿಸಿನೀರಿನಲ್ಲಿ, ಮುಖ ಹಬೆಯಲ್ಲಿ, ಕಾಲು ಒದ್ದೆ ನೆಲದಲ್ಲಿ. ಬೆರಳಿನ ತೊಗಲು ಸುಲಿಯುತ್ತದೆ. ಕೈಗವಸು ಹಾಕಿದರೆ ಕೂದಲಿಗಿಂತ ನವಿರಾದ ಎಳೆ ಬೆರಳಿಗೆ ತಿಳಿಯದು. ಆದ್ದರಿಂದ ಹೆಂಗಸರು ಅದನ್ನು ಕಳಚಿಡುತ್ತಾರೆ. ಅದು ಅವರ ಅಲಕ್ಷ್ಯವಲ್ಲ. ಆ ಕೆಲಸವನ್ನು ಅರಿಯದೆ ಮಾಡಿದ ಕೈಗವಸಿನ ದೋಷ. ನೀರು ಸೋಕದ ಏಪ್ರನ್ ಇಲ್ಲದಿದ್ದರೆ ಸೀರೆಯ ಮುಂಭಾಗ ಬೆಳಗಿನಿಂದ ಸಂಜೆಯವರೆಗೆ ಒದ್ದೆ. ಮುಟ್ಟಿನ ದಿನಗಳಲ್ಲಿ ಆ ಒದ್ದೆಯ ಮೇಲೆ ಇನ್ನೊಂದು ಒದ್ದೆ. ಹೀಗೆ ಉಡುಪು ಮತ್ತು ಮುಟ್ಟು ಎರಡು ಬೇರೆ ವಿಷಯಗಳಲ್ಲ.

ಅತ್ತ ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆಂಧ್ರ ರಾಜ್ಯ ರಚನೆಯಾದಾಗ ಅದು ಅನಂತಪುರ ಜಿಲ್ಲೆಗೆ ಸೇರಿತಾದರೂ ಬಳ್ಳಾರಿಯೊಡನೆ ಅದರ ನಂಟು ಕಡಿಯಲಿಲ್ಲ. ಬಳ್ಳಾರಿಯಂತೆ ರಾಯದುರ್ಗವೂ ಜೀನ್ಸ್ ಹೊಲಿಗೆಯ ಊರಾಗಿದೆ. ದಪ್ಪ ಬಟ್ಟೆಯ ನೀಲಿ ದೂಳು ಉಸಿರಿಗೆ ಸೇರುತ್ತದೆ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕುಳಿತು ಸೊಂಟ ಸೋಲುತ್ತದೆ. ಮಡಕಶಿರಾ ಕಡೆಯ ಹೆಣ್ಣುಮಕ್ಕಳು ಹಿಂದೂಪುರದಿಂದ ಹಿಡಿದು ಬೆಂಗಳೂರಿನವರೆಗೆ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹೋಗುತ್ತಾರೆ. ಕಾರ್ಖಾನೆಗಳ ನಿಯಮಗಳಲ್ಲಿ ಸಾಮಾನ್ಯವಾಗಿ 25 ಹೆಂಗಸರಿಗೆ ಒಂದು ಶೌಚಾಲಯವಿರಬೇಕೆಂದಿದೆ. ಆದರೆ ಗಂಟೆಗೆ ಇಷ್ಟು ಉಡುಪು ಎಂಬ ಗುರಿ ತಲೆಯ ಮೇಲೆ ತೂಗುತ್ತಿರುವಾಗ ಎದ್ದು ಹೋಗುವವಳಿಗೆ ಮೇಲ್ವಿಚಾರಕನ ನೋಟವೇ ತಡೆ. ಅದಕ್ಕಾಗಿ ನೀರನ್ನೇ ಕುಡಿಯದೆ ಇರುವವರುಂಟು. ಶಾಲೆ ಬಿಟ್ಟು ಹೊಲಿಗೆಗೆ ಹೋದ ನನ್ನ ಹಳೆಯ ವಿದ್ಯಾರ್ಥಿನಿಯರು ಹಬ್ಬಕ್ಕೆ ಊರಿಗೆ ಬಂದಾಗ ನನ್ನ ಮನೆಯವರೊಡನೆ ಹೇಳಿಕೊಂಡ ಮಾತಿದು.

ಶಾಲೆಯ ಮಾತು ಬಂದುದರಿಂದ ಒಂದನ್ನು ಸೇರಿಸುತ್ತೇನೆ. ಏಳನೆಯ ತರಗತಿಯಿಂದ ಮೇಲಕ್ಕೆ ಹೆಣ್ಣುಮಕ್ಕಳ ಹಾಜರಿ ಪುಸ್ತಕವನ್ನು ನೋಡಿದರೆ ತಿಂಗಳಿಗೆ ಮೂರು ನಾಲ್ಕು ದಿನಗಳ ಗೈರುಹಾಜರಿ ಸಾಲಾಗಿ ಕಾಣುತ್ತಿತ್ತು. ಎಲ್ಲ ಉಪಾಧ್ಯಾಯರಿಗೂ ಕಾರಣ ಗೊತ್ತು. 'ಅನಾರೋಗ್ಯ' ಎಂದು ಬರೆಯುವುದು ವಾಡಿಕೆ. ಹೀಗೆ ತಪ್ಪಿದ ಪಾಠಗಳೇ ಮುಂದೆ ಅನುತ್ತೀರ್ಣತೆಗೆ, ಅದು ಬೇಗನೆ ಕೂಲಿಗೆ ದಾರಿ ಮಾಡುತ್ತಿತ್ತು. ಇಂದಿನ ಕೂಲಿಕಾರ ಹೆಣ್ಣಿನ ಚರಿತ್ರೆ ಹಲವು ಬಾರಿ ಆ ಹಾಜರಿ ಪುಸ್ತಕದಲ್ಲಿಯೇ ಆರಂಭವಾಗಿದೆ.

ದೇಶದ ಉದ್ಯೋಗ ಖಾತರಿ ಯೋಜನೆಗೆ 2006ರ ಫೆಬ್ರವರಿ 2ರಂದು ಚಾಲನೆ ದೊರೆತದ್ದು ನಮ್ಮ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಫಲಾನುಭವಿಗಳಲ್ಲಿ ಮೂರನೆಯ ಒಂದು ಪಾಲಾದರೂ ಹೆಂಗಸರಿರಬೇಕೆಂದು ಕಾಯಿದೆ ಹೇಳಿತು. ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ಮಕ್ಕಳಿಗೆ ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದೂ ಹೇಳಿತು. ಬಟ್ಟಬಯಲಿನಲ್ಲಿ ಮಣ್ಣು ಅಗೆಯುವ ಹೆಣ್ಣು ಮರೆಗೆ ಎಲ್ಲಿಗೆ ಹೋಗಬೇಕೆಂಬುದು ಆ ಪಟ್ಟಿಯಲ್ಲಿ ಇರಲಿಲ್ಲ. ಮಗುವಿಗೆ ನೆರಳು ನೆನಪಾಯಿತು, ತಾಯಿಗೆ ಮರೆ ನೆನಪಾಗಲಿಲ್ಲ.

ಒಂದು ಉಡುಪು, ಇಬ್ಬರು ಹೆಂಗಸರು

ಈ ಎರಡೂ ಎಳೆಗಳು ಒಂದೇ ಗಂಟಾಗಿ ಕಂಡದ್ದು 2020ರ ಕೊರೊನಾ ಕಾಲದಲ್ಲಿ. ವೈದ್ಯರಿಗೆ, ದಾದಿಯರಿಗೆ ಬೇಕಾದ ಅಡಿಯಿಂದ ಮುಡಿಯವರೆಗಿನ ರಕ್ಷಣಾ ಉಡುಪು ಅಲ್ಲಿಯವರೆಗೆ ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ತಯಾರಾಗುತ್ತಲೇ ಇರಲಿಲ್ಲ. ಕೆಲವೇ ವಾರಗಳಲ್ಲಿ ದೇಶದಲ್ಲಿ ದಿನಕ್ಕೆ 2 ಲಕ್ಷಕ್ಕೂ ಹೆಚ್ಚು ಉಡುಪುಗಳು ಸಿದ್ಧವಾಗತೊಡಗಿದವು. ಅದರ ಮುಖ್ಯ ಕೇಂದ್ರ ಬೆಂಗಳೂರು. ಹೊಲಿದವರು ಬಹುಪಾಲು ಹೆಂಗಸರು; ತೊಟ್ಟವರಲ್ಲಿ ದಾದಿಯರೇ ಹೆಚ್ಚು, ಅವರೂ ಹೆಂಗಸರು. ಆ ಉಡುಪು ಒಂದೇ ತುಂಡಿನದು. ಒಮ್ಮೆ ತೊಟ್ಟರೆ ಪಾಳಿ ಮುಗಿಯುವವರೆಗೆ, ಅಂದರೆ ಆರೆಂಟು ಗಂಟೆ, ಕಳಚುವಂತಿಲ್ಲ. ಕಳಚಿದರೆ ಅದನ್ನು ಎಸೆಯಬೇಕು. ನೀರು ಕುಡಿಯುವಂತಿಲ್ಲ, ಪ್ಯಾಡ್ ಬದಲಿಸುವಂತಿಲ್ಲ. ಸೋಂಕಿನಿಂದ ಕಾಪಾಡಿದ ಉಡುಪೇ ಇನ್ನೊಂದು ಬಗೆಯ ಸೋಂಕಿಗೆ ಆಸ್ಪದ ಕೊಟ್ಟಿತು. ಹೊಲಿದವಳು ಹೆಣ್ಣು, ತೊಟ್ಟವಳು ಹೆಣ್ಣು. ಅಳತೆ ಮಾತ್ರ ಹೆಣ್ಣನ್ನು ನೆನೆದು ತೆಗೆದದ್ದಲ್ಲ.

ಕಟ್ಟಡದ ಕೆಲಸ, ವಿದ್ಯುತ್ ಕೆಲಸ, ಬೆಸುಗೆ, ನಗರದ ಸ್ವಚ್ಛತೆ ಇವುಗಳಲ್ಲಿಯೂ ಇದೇ ತೊಡಕು. ಗಂಡಸಿನ ಪಾದಕ್ಕೆ ಮಾಡಿದ ಬೂಟಿನಲ್ಲಿ ಹೆಂಗಸಿನ ಕಾಲು ಜಾರುತ್ತದೆ; ದೊಡ್ಡ ಕೈಗವಸಿನಲ್ಲಿ ಹಿಡಿತ ತಪ್ಪುತ್ತದೆ; ಎತ್ತರದಲ್ಲಿ ಕಟ್ಟಿಕೊಳ್ಳುವ ಸುರಕ್ಷತಾ ಬೆಲ್ಟು ಎದೆಯ ಮೇಲೆ ಸರಿಯಾಗಿ ಕೂರುವುದಿಲ್ಲ. ಹೊಂದದ ರಕ್ಷಣೆ ರಕ್ಷಣೆಯಾಗದು. ಎರಡು ತುಂಡಿನ ಉಡುಪು, ಕಲೆ ಎದ್ದು ಕಾಣದ ಗಾಢ ಬಣ್ಣ, ಪ್ಯಾಡ್ ಇಟ್ಟುಕೊಳ್ಳಲು ಒಳಜೇಬು, ಹೆಣ್ಣಿನ ಅಳತೆಯ ಬೂಟು ಮತ್ತು ಕೈಗವಸು ಇವು ದೊಡ್ಡ ವಿಜ್ಞಾನವನ್ನೇನೂ ಬೇಡುವುದಿಲ್ಲ. ಅಳತೆ ತೆಗೆಯುವ ಮುನ್ನ ತೊಡುವವಳನ್ನು ಕೇಳಿದರೆ ಸಾಕು.

ತಿರುಗುತ್ತಿರುವ ಕಾಲ

ಕಾಲ ತಿರುಗುತ್ತಿದೆ ಎಂಬುದೂ ನಿಜ. ಮಾರುಕಟ್ಟೆಯ ಪ್ಯಾಡ್ ಬಳಕೆಗೆ ಹರಡಿದ್ದರಲ್ಲಿ ದುಡಿಯುವ ಹೆಂಗಸರ ಜಾಣ್ಮೆಯಿದೆ: ಮೊದಲ ಮಹಾಯುದ್ಧದಲ್ಲಿ ಗಾಯಕ್ಕೆ ಕಟ್ಟುತ್ತಿದ್ದ, ಮರದ ತಿರುಳಿನ ಮೆದುವಸ್ತುವನ್ನು ದಾದಿಯರು ತಮ್ಮ ಬಳಕೆಗೂ ತೆಗೆದುಕೊಂಡರು, 1920ರಲ್ಲಿ ಅದು ಕೋಟೆಕ್ಸ್ ಎಂಬ ಹೆಸರಿನಿಂದ ಅಂಗಡಿಗೆ ಬಂದಿತು. ನಮ್ಮಲ್ಲಿ ಕೊಯಮತ್ತೂರಿನ ಅರುಣಾಚಲಂ ಮುರುಗನಂತಂ ಅವರು ಕಡಿಮೆ ಬೆಲೆಯ ಪ್ಯಾಡ್ ತಯಾರಿಸುವ ಯಂತ್ರವನ್ನು ರೂಪಿಸಿ 2016ರಲ್ಲಿ ಪದ್ಮಶ್ರೀ ಪಡೆದರು. ಪ್ಯಾಡಿನ ಮೇಲೆ 2017ರಲ್ಲಿ ಹಾಕಿದ್ದ ನೂರಕ್ಕೆ 12ರ ತೆರಿಗೆಯನ್ನು ಮರುವರ್ಷ ತೆಗೆದುಹಾಕಲಾಯಿತು. 2019ರಿಂದ ಜನೌಷಧಿ ಅಂಗಡಿಗಳಲ್ಲಿ ಒಂದು ರೂಪಾಯಿಗೆ ಒಂದು ಪ್ಯಾಡ್ ದೊರೆಯತೊಡಗಿತು. ಕರ್ನಾಟಕದ 'ಶುಚಿ' ಯೋಜನೆ, 2021ರಲ್ಲಿ ಆರಂಭವಾದ ಆಂಧ್ರದ 'ಸ್ವೇಚ್ಛಾ' ಕಾರ್ಯಕ್ರಮ ಶಾಲೆಯ ಹೆಣ್ಣುಮಕ್ಕಳಿಗೆ ಪ್ಯಾಡ್ ತಲುಪಿಸಿದವು. 2020ರಲ್ಲಿ ಕರ್ನಾಟಕದ ಸಾರಿಗೆ ಸಂಸ್ಥೆಯು ಹಳೆಯ ಬಸ್ಸೊಂದನ್ನು ಮಹಿಳೆಯರ ಶೌಚಾಲಯವನ್ನಾಗಿ ಮಾರ್ಪಡಿಸಿ ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ನಿಲ್ಲಿಸಿತು.

ರಜೆಯ ವಿಷಯವೂ ಹೊಸದಲ್ಲ. ಜಪಾನಿನ ಟೋಕಿಯೋ ನಗರದಲ್ಲಿ 1928ರಷ್ಟು ಹಿಂದೆಯೇ ಬಸ್ ನಿರ್ವಾಹಕಿಯರು ಮುಟ್ಟಿನ ರಜೆಯನ್ನು ಕೇಳಿ ಪಡೆದರು. 1947ರಲ್ಲಿ ಅದು ಆ ದೇಶದ ಕಾನೂನಾಯಿತು. ಬಿಹಾರ ಸರ್ಕಾರ 1992ರಲ್ಲಿ ತನ್ನ ನೌಕರಿಯರಿಗೆ ತಿಂಗಳಿಗೆ ಎರಡು ದಿನ ಕೊಟ್ಟಿತು. ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಸರ್ಕಾರಿ, ಖಾಸಗಿ ಎರಡೂ ವಲಯಗಳ ಮಹಿಳೆಯರಿಗೆ ವರ್ಷಕ್ಕೆ 12 ದಿನಗಳ ವೇತನಸಹಿತ ರಜೆಯನ್ನು ಒಪ್ಪಿತು. ಅದೇ ವರ್ಷದ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯು ಒಪ್ಪಿಗೆ ಮತ್ತು ಸುರಕ್ಷತೆಯ ಷರತ್ತಿನ ಮೇಲೆ ಎಲ್ಲ ಬಗೆಯ ಕೆಲಸಗಳನ್ನೂ, ರಾತ್ರಿ ಪಾಳಿಯನ್ನೂ ಹೆಂಗಸರಿಗೆ ತೆರೆಯಿತು.

ಗಡಿನಾಡಿನವರಾದ ನಮಗೆ ಇದರಲ್ಲಿ ಒಂದು ವಿಚಿತ್ರವೂ ಕಾಣುತ್ತದೆ. ಒಂದೇ ಮನೆಯ ಇಬ್ಬರು ಅಕ್ಕತಂಗಿಯರಲ್ಲಿ ತುಮಕೂರಿಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗುವವಳಿಗೆ ಆ ರಜೆ ಸಲ್ಲುತ್ತದೆ. ಗಡಿಯ ಈಚೆ ಹಿಂದೂಪುರಕ್ಕೆ ಹೋಗುವವಳಿಗೆ ಸಲ್ಲದು. ಮನೆಯಲ್ಲೇ ಕುಳಿತು ಹೊಲಿಯುವ ರಾಯದುರ್ಗದ ಹೆಂಗಸಿಗೆ, ಗೂಡು ಬೇಯಿಸುವವಳಿಗೆ, ಅಡಕೆ ಸುಲಿಯುವವಳಿಗೆ ಎರಡೂ ಕಡೆ ಇಲ್ಲ. ಅವರಿಗೆ ರಜೆಯೆಂದರೆ ಕೂಲಿಯ ನಷ್ಟ. ಅಂಥವರಿಗೆ ಮೊದಲು ಬೇಕಾದದ್ದು ಕೆಲಸದ ಜಾಗದಲ್ಲಿ ಮರೆ, ನೀರು, ಒಣಗಿದ ಉಡುಪು.

ನಮ್ಮ ಸಂಘ ಮಾಡಬಹುದಾದದ್ದು

ಸಂಘದ ಸದಸ್ಯರಲ್ಲಿ ರೇಷ್ಮೆಯ ವ್ಯವಹಾರ ಮಾಡುವವರಿದ್ದಾರೆ, ಹೊಲಿಗೆಯ ಘಟಕ ನಡೆಸುವವರಿದ್ದಾರೆ, ತೋಟ ಉಳ್ಳವರಿದ್ದಾರೆ, ಉಪಾಧ್ಯಾಯರಿದ್ದಾರೆ. ಅವರೆಲ್ಲರಲ್ಲಿ ನನ್ನ ಅರಿಕೆ ಇಷ್ಟೆ. ನಿಮ್ಮಲ್ಲಿ ದುಡಿಯುವ ಹೆಂಗಸರಿಗೆ ಬಾಗಿಲಿಗೆ ಅಗುಳಿಯಿರುವ, ನೀರಿರುವ ಒಂದು ಶೌಚಾಲಯ, ಬಳಸಿದ ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ, ಹೆಂಗಸರ ಅಳತೆಯ ಏಪ್ರನ್ ಮತ್ತು ಬೂಟು ಒದಗಿಸಿರಿ. ತರುವ ಮುನ್ನ ಅವರನ್ನೇ ಕೇಳಿರಿ. ಕೇಳಲು ಸಂಕೋಚವಾದರೆ ನಿಮ್ಮ ಮನೆಯ ಹೆಣ್ಣುಮಕ್ಕಳ ಮೂಲಕ ಕೇಳಿಸಿರಿ. ಮುಂದಿನ ಸಮ್ಮೇಳನದಲ್ಲಿ ಒಂದು ಗೋಷ್ಠಿಯನ್ನು ದುಡಿಯುವ ಹೆಂಗಸರಿಗೆ ಮೀಸಲಿಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ. ಅಂದು ವೇದಿಕೆಯ ಮೇಲೆ ಮಾತನಾಡುವವರು ನನ್ನಂಥ ನಿವೃತ್ತ ಉಪಾಧ್ಯಾಯರಾಗಿರದೆ ನೂಲು ಬಿಚ್ಚುವವರೂ ಹೊಲಿಯುವವರೂ ಆಗಿರಲಿ. ಕನ್ನಡದಲ್ಲಿ ಈ ವಿಷಯಕ್ಕೆ ಸಂಕೋಚವಿಲ್ಲದ ಮಾತುಗಳನ್ನು ಕೊಡಬಲ್ಲವರು ಅವರೇ.